ಚೀಲದಲ್ಲಿ ಜೀವ ಸಿಗೋದಿಲ್ಲ

ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಮನಸ್ಸು ಮಾಡಿದ್ದೀರಿ. ಗಾಜಿನ ಟ್ಯಾಂಕ್ ಬಂದಾಯ್ತು, ಪಂಪು, ಹೀಟರು ಬಂದಾಯ್ತು, ಇನ್ನೂ ಬಾರದ ಮೀನಿಗೆ ಮಕ್ಕಳು ಹೆಸರೂ ಇಟ್ಟಾಯ್ತು. ಈ ಶನಿವಾರ ಅಂಗಡಿಗೆ ಹೋಗಿ ಮರಳು, ಕಲ್ಲು ತಂದರೆ ಮುಗೀತು ಅಂದುಕೊಂಡಿದ್ದೀರಿ. ಸ್ವಲ್ಪ ತಡೀರಿ. ಆ ಅಂಗಡಿಯಲ್ಲಿ ನಿಮಗಾಗಿ ಎರಡು ಮಾತು ಕಾಯ್ತಾ ಇವೆ. ಒಂದು ಪ್ಲಾಸ್ಟಿಕ್ ಚೀಲದ ಮೇಲೆ ಅಚ್ಚಾಗಿದೆ: 'ಲೈವ್ ಸ್ಯಾಂಡ್', ಜೀವಂತ ಮರಳು. ಇನ್ನೊಂದು ಒಳಗಿನ ತೊಟ್ಟಿಯಲ್ಲಿ ನೀಲಿ ದೀಪದ ಕೆಳಗೆ ಕೂತಿದೆ: 'ಲೈವ್ ರಾಕ್', ಜೀವಂತ ಕಲ್ಲು. ಮೊದಲನೆಯದು ಮುಕ್ಕಾಲು ಸುಳ್ಳು. ಎರಡನೆಯದು ನಿಜ, ಆದರೆ ಆ ನಿಜಕ್ಕೆ ಬೆಲೆ ಕೊಡ್ತಾ ಇರೋರು ನೀವಲ್ಲ.

ನನ್ನ ವಾದ ಏನು ಅಂತ ಮೊದಲೇ ಹೇಳಿಬಿಡ್ತೇನೆ. ಒಣ ಮರಳು ತನ್ನಿ, ನೆಲದ ಕ್ವಾರಿಯಿಂದ ಬಂದ ಒಣ ಕಲ್ಲು ತನ್ನಿ. ಒಂದು ಹಿಡಿಯಷ್ಟು ಜೀವಂತ ಕಲ್ಲನ್ನು ಯಾರ ಟ್ಯಾಂಕಿನಿಂದಲೋ, ಸಮುದ್ರದಲ್ಲಿ ಕಲ್ಲು ಬೆಳೆಸುವವರಿಂದಲೋ ಪಡೆದುಕೊಳ್ಳಿ. ಆಮೇಲೆ ಎರಡೂವರೆ ತಿಂಗಳು ಕಾಯಿರಿ. ಪಾಡ್‌ಕಾಸ್ಟಿನಲ್ಲಿ ಇದನ್ನು ಹೇಳಿದಾಗ ಎದುರಿಗಿದ್ದ ಗೆಳೆಯ ನಕ್ಕ. "ಎರಡೂವರೆ ತಿಂಗಳು ಬರೀ ಕಲ್ಲು ನೋಡ್ತಾ ಕೂರೋದಾ ಮಾರಾಯಾ?" ಅಂದ. ಹೌದು, ಕೂರೋದು. ಯಾಕೆ ಅಂತ ಹೇಳ್ತೇನೆ.

2016ರಲ್ಲಿ ನ್ಯೂಜೆರ್ಸಿಯ ನಮ್ಮ ಮನೆಗೆ ಮೊದಲ ಟ್ಯಾಂಕ್ ಬಂತು. ನಲವತ್ತು ಗ್ಯಾಲನ್ನಿನದು, ಅಂದರೆ ಸುಮಾರು 150 ಲೀಟರ್. ನಾನು ಹೊನ್ನಾವರದ ಕಡೆಯವನು, ಸಮುದ್ರದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅನ್ನೋ ಸೊಕ್ಕು ಬೇರೆ. ಅಂಗಡಿಯ ಹುಡುಗ ಎರಡು ಚೀಲ ಲೈವ್ ಸ್ಯಾಂಡ್ ಕೊಟ್ಟ. "ಇದರಲ್ಲಿ ಬ್ಯಾಕ್ಟೀರಿಯಾ ಎಲ್ಲ ಇದೆ, ಇವತ್ತೇ ಮೀನು ಬಿಡಬಹುದು" ಅಂದ. ಬಿಟ್ಟೆವು. ಎರಡು ಕ್ಲೌನ್ ಫಿಶ್. ಮೂರನೇ ದಿನ ಅವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ನಾಲ್ಕನೇ ದಿನ ಬೆಳಗ್ಗೆ ಎರಡೂ ತಳದಲ್ಲಿ ಮಲಗಿದ್ದವು. ಏಳು ವರ್ಷದ ಮಗಳು ಖಾಲಿ ಚೀಲವನ್ನು ಕಸದ ಡಬ್ಬಿಯಿಂದ ತೆಗೆದುಕೊಂಡು ಬಂದು ಕೇಳಿದಳು: "ಅಪ್ಪಾ, ಇದರ ಮೇಲೆ ಲೈವ್ ಅಂತ ಬರೆದಿದೆಯಲ್ಲ?"

ಉತ್ತರ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು.

ಮೀನು ಉಸಿರಾಡಿದರೂ, ಉಂಡರೂ, ಹೇತರೂ ನೀರಿಗೆ ಅಮೋನಿಯಾ ಸೇರುತ್ತದೆ. ಸಮುದ್ರದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅದೇ ವಿಷ. ಸಾಲದ್ದಕ್ಕೆ, ಉಪ್ಪುನೀರಿನ ಪಿಎಚ್ 8.1ರಿಂದ 8.3ರ ಆಸುಪಾಸು. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷಕಾರಿ ಪಾಲು ಹೆಚ್ಚು. ಹಾಗಾಗಿ ಸಾಮಾನ್ಯ ಸಿಹಿನೀರಿನ ಟ್ಯಾಂಕಿನಲ್ಲಿ ಮೀನು ಹೇಗೋ ತಡೆದುಕೊಳ್ಳುವ ಅಮೋನಿಯಾ ಇಲ್ಲಿ ಅದನ್ನು ಕೊಲ್ಲುತ್ತದೆ. ಈ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುವ ಸೂಕ್ಷ್ಮಜೀವಿಗಳಿವೆ. ನೈಟ್ರೈಟನ್ನು ನೈಟ್ರೇಟ್ ಮಾಡುವ ಇನ್ನೊಂದು ಗುಂಪಿದೆ. ಈ ಎರಡೂ ಗುಂಪು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಕಲ್ಲಿನ ಮೈಗೆ, ಮರಳಿನ ಕಾಳಿಗೆ ಲೋಳೆಯ ಹಾಗೆ ಅಂಟಿಕೊಂಡು ಬದುಕುತ್ತವೆ. ಸೂಕ್ಷ್ಮ ರಂಧ್ರಗಳ ಕಲ್ಲಾದರೆ ಇನ್ನೊಂದು ಲಾಭ: ಆಮ್ಲಜನಕ ಹೋಗಲಾರದ ಒಳಗಿನ ಸಂದಿಗಳಲ್ಲಿ ಮತ್ತೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಕಲ್ಲು ಮತ್ತು ಮರಳು ಅಲಂಕಾರಕ್ಕೆ ಅಂದುಕೊಂಡವರಿಗೆ ಈ ಮಾತು: ನಿಮ್ಮ ಟ್ಯಾಂಕಿನ ಹೊಟ್ಟೆ, ಮೂತ್ರಪಿಂಡ ಎರಡೂ ಅವೇ.

ಈಗ ಆ ಚೀಲಕ್ಕೆ ಬನ್ನಿ. ಅಮೋನಿಯಾ ತಿನ್ನುವ ಈ ಜೀವಿಗಳಿಗೆ ಉಸಿರಾಡಲು ಆಮ್ಲಜನಕ ಬೇಕು, ಊಟಕ್ಕೆ ಅಮೋನಿಯಾ ಬೇಕು. ಬಾಯಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಎರಡೂ ಹೆಚ್ಚು ದಿನ ಉಳಿಯೋದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಕಗಳಾಗಿ ವರ್ಷಗಟ್ಟಲೆ ಮಲಗಿರಬಲ್ಲವು, ಆದರೆ ಇವಕ್ಕೆ ಆ ವಿದ್ಯೆ ಬರೋದಿಲ್ಲ. ಚೀಲ ಲಾರಿಯಲ್ಲಿ ಬೆಂದಿರುತ್ತದೆ, ಗೋದಾಮಿನಲ್ಲಿ ತಣಿದಿರುತ್ತದೆ, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಒಂದಿಷ್ಟು ಸೂಕ್ಷ್ಮಜೀವಿ ಬದುಕಿ ಉಳಿದಿರಬಹುದು, ಇಲ್ಲ ಅನ್ನೋದಿಲ್ಲ. ಅದು ನಿಮ್ಮ ಮೀನನ್ನು ಮೊದಲ ದಿನವೇ ಕಾಪಾಡುವಷ್ಟು ಅಂತ ಹೇಳೋದು ವ್ಯಾಪಾರ. ನಿಜವಾದ ಸಮುದ್ರದ ಮರಳಿನಲ್ಲಿ ಇರುವ ಹುಳ, ಪುಟ್ಟ ಬಸವನಹುಳು, ಕಣ್ಣಿಗೆ ಕಾಣೋದೂ ಕಷ್ಟವಾದ ಕೋಪೆಪಾಡ್, ಇವುಗಳಲ್ಲಿ ಒಂದೂ ಆ ಚೀಲದಲ್ಲಿ ಬದುಕಿರೋದಿಲ್ಲ. ಇನ್ನೊಂದು ತಮಾಷೆ ನೋಡಿ. ಚೀಲದ ತೂಕದಲ್ಲಿ ನೀರೂ ಸೇರಿದೆ. ನೀವು ಮರಳಿನ ದರಕ್ಕೆ ಉಪ್ಪುನೀರು ಕೊಂಡಿರ್ತೀರಿ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಬೇರೆ ವಿಷಯ. ಅವುಗಳಲ್ಲಿ ಕೆಲವು ನಿಜಕ್ಕೂ ಕೆಲಸ ಮಾಡ್ತವೆ, ದಿನಾಂಕ ನೋಡಿ ತಗೊಳ್ಳಿ. ಆದರೆ ಅವೂ ಕಾಯುವ ಕಾಲವನ್ನು ಕಡಿಮೆ ಮಾಡ್ತವೆ, ಅಳಿಸಿಹಾಕೋದಿಲ್ಲ.

ಹಾಗಾದರೆ ಮರಳು ಯಾವುದು? ನಮ್ಮ ಕಡೆ ಮರಳಿಗೆ ಹೊಯ್ಗೆ ಅಂತೀವಿ. ಹೊಯ್ಗೆಯಲ್ಲಿ ಎರಡು ಜಾತಿ ಅಂತ ತಿಳಿದರೆ ಸಾಕು. ಒಂದು ಕಲ್ಲು ಸವೆದು ಆದದ್ದು, ಸ್ಫಟಿಕದ್ದು. ಇನ್ನೊಂದು ಸುಣ್ಣದ್ದು. ಚಿಪ್ಪು, ಹವಳ ಪುಡಿಯಾಗಿ ಆದದ್ದು. ಒಂದು ಚಮಚ ಮರಳಿಗೆ ಎರಡು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣದ್ದು. ಊರಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ದರಲ್ಲ, ಮೂಲ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅಕ್ವೇರಿಯಂನವರು ಇದರ ಒಂದು ಬಗೆಯನ್ನು ಅರಗೊನೈಟ್ ಅಂತ ಮಾರುತ್ತಾರೆ. ಅಮೆರಿಕದಲ್ಲಿ ಸಿಗುವ ನುಣ್ಣನೆಯ ಬಿಳಿ ಮರಳಿನಲ್ಲಿ ಬಹಾಮಾಸ್‌ನದು ಪ್ರಸಿದ್ಧ. ಅಲ್ಲಿನ ಆಳವಿಲ್ಲದ ಬೆಚ್ಚಗಿನ ಸಮುದ್ರದಲ್ಲಿ ಸುಣ್ಣ ಪದರ ಪದರವಾಗಿ ಸುತ್ತಿಕೊಂಡು ಗಸಗಸೆಯಂಥ ಗುಂಡು ಕಾಳಾಗುತ್ತದೆ. ಮಾಲ್ಡೀವ್ಸ್‌ನಂಥ ಕಡೆ ಬೀಚಿನ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಗಿಳಿಮೀನುಗಳು ಹವಳದ ಕಲ್ಲನ್ನು ಕೊರೆದು ತಿಂದು ಹಿಂದಿನಿಂದ ಬಿಟ್ಟದ್ದು. ಹನಿಮೂನ್ ಫೋಟೋ ತೆಗೆಸಿಕೊಂಡವರು ಬೇಸರ ಮಾಡ್ಕೋಬೇಡಿ.

ಈ ಸುಣ್ಣದ ಮರಳು ನೀರಿನ ಪಿಎಚ್ ತಾನಾಗಿಯೇ ಕಾಪಾಡುತ್ತದೆ ಅಂತಲೂ ಚೀಲದ ಮೇಲೆ ಬರೆದಿರುತ್ತಾರೆ. ಅದನ್ನೂ ಪೂರ್ತಿ ನಂಬಬೇಡಿ. ಸರಿಯಾದ ಸಮುದ್ರದ ನೀರಿನಲ್ಲಿ ಸುಣ್ಣ ಆಗಲೇ ತುಂಬಿ ತುಳುಕುತ್ತಿರುತ್ತದೆ. ಪಿಎಚ್ 8ರ ಮೇಲಿರುವಾಗ ಮರಳು ಕರಗೋದೇ ಇಲ್ಲ ಅನ್ನಬೇಕು. ಅರಗೊನೈಟ್ ಹಾಕಿ ಅಂತ ನಾನು ಹೇಳೋದು ಬೇರೆ ಕಾರಣಕ್ಕೆ: ಅದು ಏನನ್ನೂ ಕೆಡಿಸೋದಿಲ್ಲ, ಬೆಳಕನ್ನು ಚೆನ್ನಾಗಿ ಪ್ರತಿಫಲಿಸುತ್ತದೆ, ಮರಳಲ್ಲಿ ಹೊರಳಾಡುವ ಗೋಬಿ ಮೀನಿನ ಕಿವಿರಿಗೆ ಚುಚ್ಚೋದಿಲ್ಲ. ಕಾಳಿನ ಗಾತ್ರ ಒಂದರಿಂದ ಎರಡು ಮಿಲಿಮೀಟರ್ ಇರಲಿ. ಸಕ್ಕರೆಯಷ್ಟು ನುಣ್ಣಗಿನದು ಫೋಟೋದಲ್ಲಿ ಚೆಂದ. ಪಂಪ್ ಹಾಕಿದ ದಿನ ಅದು ಎದ್ದು ಒಂದು ಮೂಲೆಯಲ್ಲಿ ಗುಡ್ಡೆಯಾಗುತ್ತದೆ, ಇನ್ನೊಂದು ಮೂಲೆಯಲ್ಲಿ ಗಾಜು ಕಾಣುತ್ತದೆ. ತೀರಾ ದಪ್ಪ ಕಾಳಾದರೆ ಸಂದಿಯಲ್ಲಿ ಕಸ ಕೂತು ಕೊಳೆಯುತ್ತದೆ. ಆಳ ಒಂದು ಇಂಚು, ಹೆಚ್ಚೆಂದರೆ ಒಂದೂವರೆ. ನಾಲ್ಕು ಇಂಚಿಗಿಂತ ಆಳದ ಮರಳಿನ ಹಾಸಿಗೆ ಮಾಡುವ ಪದ್ಧತಿಯೂ ಇದೆ, ಅದಕ್ಕೆ ಅದರದೇ ಶಾಸ್ತ್ರ ಇದೆ, ಹೊಸಬರಿಗೆ ಬೇಡ. ನನ್ನ ಟ್ಯಾಂಕಿನ ತಳ 36 ಇಂಚು ಉದ್ದ, 18 ಇಂಚು ಅಗಲ. ಒಂದು ಇಂಚಿಗೆ ಸುಮಾರು 16 ಕಿಲೋ ಒಣ ಮರಳು ಬೇಕಾಯ್ತು. ಅಕ್ಕಿ ತೊಳೆದ ಹಾಗೆ ಬಕೆಟ್ಟಿನಲ್ಲಿ ಏಳೆಂಟು ನೀರು ತೊಳೆಯಿರಿ. ಹೆಂಡತಿ ಬೈಯ್ದರೂ ತೊಳೆಯಿರಿ.

"ಬೀಚಿಗೆ ಹತ್ತಿರ ಇದ್ದೇವೆ, ಅಲ್ಲಿಂದಲೇ ತಂದರಾಯ್ತಲ್ಲ?" ಅಂತ ಕೊಲ್ಲಿ ದೇಶಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಇರುವವರು ಕೇಳ್ತೀರಿ. ಬೇಡ. ನೀವಿರುವ ಕಡೆಯ ಕಾನೂನು ಮೊದಲು ನೋಡಿ. ಹವಾಯಿಯಲ್ಲಿ ಬೀಚಿನ ಮರಳು, ಸತ್ತ ಹವಳದ ಚೂರು ತೆಗೆದುಕೊಂಡು ಹೋಗೋದೂ ಅಪರಾಧ. ಕಾನೂನು ಬಿಡಿ, ದೋಣಿಯ ಡೀಸೆಲ್, ಚರಂಡಿಯ ನೀರು ಯಾವ ಮರಳಿನಲ್ಲಿ ಇಳಿದಿದೆ ಅಂತ ಬರಿಗಣ್ಣಿಗೆ ಕಾಣೋದಿಲ್ಲ. ಊರಲ್ಲಿ ಹೊಳೆಯ ಹೊಯ್ಗೆ ಲಾರಿಯಲ್ಲಿ ಹೋಗೋದು ನೋಡಿ ಕುದಿಯೋ ನಾವು, ಇಲ್ಲಿ ಬಕೆಟ್ ಹಿಡಿದು ಹೊರಡೋದು ಚೆನ್ನಾಗಿರೋದಿಲ್ಲ.

ಮರಳಿನ ಜಗಳ ಇಷ್ಟೇ. ಮೋಸ ಹೋದರೆ ನಿಮ್ಮ ದುಡ್ಡು, ಎರಡು ಮೀನು. ಕಲ್ಲಿನ ಜಗಳ ದೊಡ್ಡದು.

ಲೈವ್ ರಾಕ್ ಅನ್ನೋದು ಮೋಸದ ಮಾಲಲ್ಲ, ಅದಕ್ಕೆ ಇತಿಹಾಸ ಇದೆ. 1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಎಂಬವರು ಅಮೆರಿಕದ ಒಂದು ಮೀನು ಪತ್ರಿಕೆಯಲ್ಲಿ ತಮ್ಮ ವಿಧಾನ ಬರೆದರು. ದೊಡ್ಡ ಯಂತ್ರ ಇಲ್ಲ, ಫಿಲ್ಟರ್ ಇಲ್ಲ. ಸಮುದ್ರದ ನೀರು, ಬಿಸಿಲು, ಗಾಳಿಯ ಗುಳ್ಳೆ, ಹವಳದ ದಿಬ್ಬದಿಂದ ತಂದ ಜೀವ ತುಂಬಿದ ಕಲ್ಲು. ಅಷ್ಟರಲ್ಲೇ ಅವರ ಹವಳ, ಮೀನು ಬದುಕಿದವು. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಅದೇ ಕಲ್ಲಿನ ಜೊತೆಗೆ ನೊರೆ ತೆಗೆಯುವ ಯಂತ್ರ ಜೋಡಿಸಿದರು. ಪ್ರೋಟೀನ್ ಸ್ಕಿಮ್ಮರ್ ಅಂತ ಇವತ್ತು ನೀವು ಕೊಳ್ಳುವುದು ಅದನ್ನೇ. 'ಬರ್ಲಿನ್ ವಿಧಾನ' ಅಂತ ಅದು ಜಗತ್ತಿಗೆಲ್ಲ ಹರಡಿತು. ಸಮುದ್ರದ ಎದುರೇ ಇದ್ದವನು ಎದುರಿನ ಕಲ್ಲು ತಂದು ಇಟ್ಟುಕೊಂಡ, ಸರಿ. ಆದರೆ ಷಿಕಾಗೋದಲ್ಲಿ, ಲಂಡನ್ನಿನಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಸಾವಿರಾರು ಮನೆಗಳಿಗೆ ಅದೇ ಬೇಕು ಅಂದಾಗ ಏನಾಯ್ತು? ಫಿಜಿ, ಟೋಂಗಾ, ಇಂಡೋನೇಷ್ಯಾದ ದಿಬ್ಬಗಳಿಗೆ ಜನ ಹಾರೆ ಹಿಡಿದು ಇಳಿದರು.

ಹವಳದ ದಿಬ್ಬದ ಕಲ್ಲು ಅಂದರೆ ಅಲ್ಲೇನೋ ಬಿದ್ದಿರುವ ಕಲ್ಲಲ್ಲ. ಅದೇ ದಿಬ್ಬದ ಎಲುಬು. ಹವಳದ ಹುಳ ಸತ್ತ ಮೇಲೆ ಉಳಿದ ಸುಣ್ಣದ ಗೂಡು, ಅದರ ಮೇಲೆ ಗುಲಾಬಿ ಬಣ್ಣದ ಸುಣ್ಣಪಾಚಿ ಗಾರೆ ಮೆತ್ತಿದ ಹಾಗೆ ಬೆಳೆದು ಒಂದಕ್ಕೊಂದು ಅಂಟಿ, ಅದರ ಮೇಲೆ ಮತ್ತೆ ಹವಳ. ದಿಬ್ಬ ಎತ್ತರ ಬೆಳೆಯೋದು ವರ್ಷಕ್ಕೆ ಕೆಲವೇ ಮಿಲಿಮೀಟರ್. ನಿಮ್ಮ ಟ್ಯಾಂಕಿಗೆ ಒಂದು ಮಧ್ಯಾಹ್ನ ಜೋಡಿಸಿದ ಗುಡ್ಡ ಅಲ್ಲಿ ಕಟ್ಟೋಕೆ ಎಷ್ಟು ತಲೆಮಾರು ಬೇಕು, ಲೆಕ್ಕ ಹಾಕಿ. ಇನ್ನು ಆ ಕಲ್ಲು ಬರೋದು ಹೇಗೆ? ಒದ್ದೆ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ತುಂಬಿ, ವಿಮಾನದಲ್ಲಿ. ದಾರಿಯಲ್ಲೇ ಸ್ಪಂಜು, ಹುಳ, ಪಾಚಿ ಸಾಯುತ್ತವೆ, ಕೊಳೆಯುತ್ತವೆ. ಅದಕ್ಕೇ ಅಂಗಡಿಯವರು ಅದನ್ನು ವಾರಗಟ್ಟಲೆ ತೊಟ್ಟಿಯಲ್ಲಿಟ್ಟು 'ಕ್ಯೂರ್' ಮಾಡೋದು. ಒಂದು ಸಲ ಆ ತೊಟ್ಟಿಯ ಹತ್ತಿರ ಮೂಗು ಒಯ್ದು ನೋಡಿ. ಮೀನು ಮಾರ್ಕೆಟ್ಟಿನ ಸಂಜೆಯ ಚರಂಡಿ. ಜೀವಂತ ಅಂತ ಮಾರುವ ಮಾಲಿನಲ್ಲಿ ಅರ್ಧ ಜೀವ ನಿಮ್ಮ ಮನೆಗೆ ಬರುವ ಮೊದಲೇ ಸತ್ತಿದೆ.

ಇದನ್ನೆಲ್ಲ ನಾನೊಬ್ಬ ಭಾವುಕನಾಗಿ ಹೇಳ್ತಿಲ್ಲ, ಸರ್ಕಾರಗಳೇ ಹೇಳಿವೆ. ಫ್ಲಾರಿಡಾ 1989ರಲ್ಲೇ ತನ್ನ ಜಲಸೀಮೆಯಲ್ಲಿ ಲೈವ್ ರಾಕ್ ಕೀಳೋದನ್ನು ನಿಲ್ಲಿಸಿತು. ಅದರಾಚೆಯ ಫೆಡರಲ್ ನೀರಿನಲ್ಲೂ 1990ರ ದಶಕದಲ್ಲಿ ನಿಂತಿತು. ದೊಡ್ಡ ರಫ್ತುದಾರನಾಗಿದ್ದ ಫಿಜಿ 2018ರ ಸುಮಾರಿಗೆ ಬಾಗಿಲು ಹಾಕಿತು. ದೇಶ ದೇಶಗಳ ನಡುವಿನ ವ್ಯಾಪಾರದಲ್ಲಿ ಗಟ್ಟಿ ಹವಳ ಮತ್ತು ಅದರ ಕಲ್ಲು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಬರುತ್ತವೆ, ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಭಾರತ ಇನ್ನೂ ಬಿಗಿ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದರು. ಹುಲಿ ಇರುವ ಅದೇ ಅನುಸೂಚಿ. ರಜೆಗೆ ಊರಿಗೆ ಹೋಗಿ ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗುವವರು, ಲಕ್ಷದ್ವೀಪಕ್ಕೆ ಹೋಗುವವರು ದಯವಿಟ್ಟು ಕೇಳಿ: "ಸತ್ತಿದ್ದೇ ಅಲ್ವಾ" ಅಂತ ಒಂದು ಚೂರು ಸೂಟ್‌ಕೇಸಿಗೆ ಹಾಕ್ಕೊಂಡು ಬರಬೇಡಿ. ಕಸ್ಟಮ್ಸಿನವರಿಗೆ ನಿಮ್ಮ ಟ್ಯಾಂಕಿನ ಕನಸು ಅರ್ಥ ಆಗೋದಿಲ್ಲ.

ಲಕ್ಷದ್ವೀಪದ ಮಾತು ಬಂತು ಅಂತ ಹೇಳ್ತೇನೆ. ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಅಕ್ಕಿ, ತರಕಾರಿ, ಜಲ್ಲಿ ಹೋಗುತ್ತಿದ್ದುದು ಕರಾವಳಿಯವರಿಗೆ ಗೊತ್ತು. ಆ ದ್ವೀಪಗಳು ನಿಂತಿರೋದೇ ಹವಳದ ಕಲ್ಲಿನ ಮೇಲೆ, ಸಮುದ್ರದಿಂದ ಕೆಲವೇ ಮೀಟರ್ ಎತ್ತರದಲ್ಲಿ. 1998, 2010, 2016ರಲ್ಲಿ ಅಲ್ಲಿನ ಹವಳ ಬಿಸಿಗೆ ಬಿಳಿಚಿತು. ದಿಬ್ಬ ಸವೆದರೆ ಅಲೆ ಒಡೆಯುವುದು ಮನೆಯ ಅಂಗಳದಲ್ಲಿ. ಫಿಜಿಯ ಹಳ್ಳಿಗೂ ಇದೇ ಕಥೆ.

ಇಲ್ಲಿ ನೀವು ಒಂದು ಒಳ್ಳೆಯ ಪ್ರಶ್ನೆ ಕೇಳ್ತೀರಿ. ಹವಳ ಸಾಯ್ತಿರೋದು ಸಮುದ್ರ ಬಿಸಿಯಾಗಿ. 2023ರ ಜುಲೈನಲ್ಲಿ ಫ್ಲಾರಿಡಾದ ಮ್ಯಾನಟೀ ಕೊಲ್ಲಿಯಲ್ಲಿ ನೀರು 38 ಡಿಗ್ರಿ ಸೆಲ್ಸಿಯಸ್ ದಾಟಿತ್ತು, ಅದು ಸ್ನಾನದ ನೀರು. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ಅಂತ ಘೋಷಿಸಿದರು. ಅದರ ಮುಂದೆ ನಮ್ಮ ಹತ್ತು ಕಿಲೋ ಕಲ್ಲು ಯಾವ ಲೆಕ್ಕ? ನಿಜ, ದೊಡ್ಡ ಕೊಲೆಗಾರ ಬಿಸಿಯೇ. ಆದರೆ ಜ್ವರದಲ್ಲಿ ಮಲಗಿದವನ ಹಾಸಿಗೆಯ ಕಾಲು ಮುರಿಯೋಕೆ ಅದು ಪರವಾನಗಿ ಆಗೋದಿಲ್ಲ. ಮತ್ತೆ ಹವಳ ಸತ್ತರೂ ಕಲ್ಲು ಇದ್ದರೆ ಹೊಸ ಹವಳದ ಮರಿ ಬಂದು ಕೂರಲು ಜಾಗ ಇರುತ್ತದೆ. ನಾವು ಕೀಳೋದು ಆ ಜಾಗವನ್ನೇ.

ಕಲ್ಲು ಕಡಿದು ಬದುಕುವ ಹಳ್ಳಿಯವರ ಹೊಟ್ಟೆಪಾಡು? ಈ ಪ್ರಶ್ನೆಗೆ ನಾನು ಸುಲಭವಾಗಿ ಉತ್ತರ ಕೊಡಲಾರೆ. ಅಂಗಡಿಯ ಬೆಲೆಯಲ್ಲಿ ಅವರಿಗೆ ಸೇರುತ್ತಿದ್ದುದು ಸಣ್ಣ ಪಾಲು ಅನ್ನೋದಂತೂ ನಿಜ. ಅದಕ್ಕಿಂತ ಒಳ್ಳೆಯ ದಾರಿ ಇದೆ, ಅದೂ ಸಮುದ್ರದವರ ಕೈಯಲ್ಲೇ: ಕಲ್ಲು ಬೆಳೆಸೋದು. ಫ್ಲಾರಿಡಾದಲ್ಲಿ ನೆಲದ ಕ್ವಾರಿಯ ಸುಣ್ಣಕಲ್ಲನ್ನು ದೋಣಿಯಲ್ಲಿ ಒಯ್ದು, ಪರವಾನಗಿ ಪಡೆದ ಜಾಗದಲ್ಲಿ ಸಮುದ್ರಕ್ಕೆ ಇಳಿಸುತ್ತಾರೆ. ಅಲ್ಲಿನ ಸಹಜ ಕಲ್ಲಿಗಿಂತ ಬೇರೆ ಅಂತ ಗುರುತಿಸಲು ಬರುವ ಕಲ್ಲೇ ಆಗಬೇಕು ಅನ್ನೋದು ಫೆಡರಲ್ ನಿಯಮ, ಕಳ್ಳತನ ಮಾಡಿ ಬೆಳೆಸಿದ್ದು ಅಂತ ಹೇಳಬಾರದಲ್ಲ. ಒಂದೆರಡು ವರ್ಷದಲ್ಲಿ ಆ ಕಲ್ಲಿಗೆ ಸ್ಪಂಜು, ಸುಣ್ಣಪಾಚಿ, ಚಿಪ್ಪುಜೀವಿ ಎಲ್ಲ ಬಂದು ಕೂರುತ್ತವೆ. ಆಮೇಲೆ ಎತ್ತಿ ಮಾರುತ್ತಾರೆ. ದಿಬ್ಬಕ್ಕೆ ಕೈ ಹಾಕೋದಿಲ್ಲ. ಇದಕ್ಕೆ ನಾನು ಸಂತೋಷದಿಂದ ದುಡ್ಡು ಕೊಡ್ತೇನೆ. ಆಸ್ಟ್ರೇಲಿಯಾದಲ್ಲಿರುವವರೇ, ಕ್ವೀನ್ಸ್‌ಲ್ಯಾಂಡಿನಲ್ಲಿ ಲೈಸೆನ್ಸ್, ಕೋಟಾ ಇಟ್ಟು ಕಾಡಿನ ಕಲ್ಲನ್ನೇ ತೆಗೆಯಲು ಬಿಡುತ್ತಾರೆ. ಕಾನೂನುಬದ್ಧ, ಸರಿ. ಬೇಕಾ ಅನ್ನೋ ಪ್ರಶ್ನೆ ನಿಮ್ಮದು.

'ಒಣ ಕಲ್ಲು' ಅಂದ ಕೂಡಲೇ ಪುಣ್ಯದ ಕಲ್ಲು ಅಂತಲೂ ತಿಳೀಬೇಡಿ. ದಿಬ್ಬದಿಂದ ಕಿತ್ತು ಬಿಸಿಲಿಗೆ ಒಣಗಿಸಿದ್ದೂ ಒಣ ಕಲ್ಲೇ. ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಇದು ನೆಲದ್ದೋ, ನೀರಿನದ್ದೋ?" ಯಾವ ಕ್ವಾರಿ, ಯಾವ ರಾಜ್ಯ ಅಂತ ಹೇಳಲು ಬಂದರೆ ತಗೊಳ್ಳಿ. ತಡವರಿಸಿದರೆ ಬಿಡಿ. ಲಕ್ಷಾಂತರ ವರ್ಷದ ಹಿಂದೆ ಸಮುದ್ರ ಇದ್ದು ಈಗ ನೆಲವಾದ ಕಡೆ ಅಗೆದ ಕಲ್ಲು, ಇಲ್ಲವೇ ಕಾರ್ಖಾನೆಯಲ್ಲಿ ಮಾಡಿದ ಕಲ್ಲು, ಎರಡೂ ಸೈ. ತೂಕ ನೋಡಿ ಕೊಳ್ಳಬೇಡಿ. ಗ್ಯಾಲನ್ನಿಗೆ ಒಂದು ಪೌಂಡು ಅನ್ನೋ ಹಳೇ ಸೂತ್ರ ಮಾರುವವನಿಗೆ ಅನುಕೂಲ. ಕೈಯಲ್ಲಿ ಎತ್ತಿ ನೋಡಿ. ಗಾತ್ರಕ್ಕೆ ಹೋಲಿಸಿದರೆ ಹಗುರ ಅನ್ನಿಸಬೇಕು, ಸಂದಿಗೊಂದಿ ಇರಬೇಕು. ನನಗೆ 12 ಕಿಲೋ ಸಾಕಾಯ್ತು.

ಈಗ ನನ್ನದೇ ಪಂಗಡದವರ ಜೊತೆ ಸ್ವಲ್ಪ ಜಗಳ. ಪೂರ್ತಿ ಒಣ ಕಲ್ಲೇ ಇಡಿ, ಒಂದು ಜೀವಂತ ಚೂರೂ ಬೇಡ, ಇಲ್ಲದಿದ್ದರೆ ಐಪ್ಟೇಸಿಯಾ ಬರುತ್ತದೆ, ಕೆಟ್ಟ ಏಡಿ ಬರುತ್ತದೆ, ಮ್ಯಾಂಟಿಸ್ ಸೀಗಡಿ ಬರುತ್ತದೆ ಅಂತ ಹೆದರಿಸುವವರಿದ್ದಾರೆ. ಬರಬಹುದು. ಐಪ್ಟೇಸಿಯಾ ಅನ್ನುವ ಪುಟ್ಟ ಸಮುದ್ರಹೂವು ಕಳೆಯ ಹಾಗೆ ಹಬ್ಬುತ್ತದೆ, ಅದಕ್ಕೆ ಪೆಪರ್‌ಮಿಂಟ್ ಸೀಗಡಿ ಬಿಟ್ಟರೆ ಎಷ್ಟೋ ಸಲ ತಿಂದು ಮುಗಿಸುತ್ತದೆ. ಮುಳ್ಳುಹುಳ ಕಂಡು ಕಿರುಚುವವರೇ, ಅದು ನಿಮ್ಮ ಮನೆಯ ಕಸ ಗುಡಿಸುವುದು, ಬರಿಗೈಯಲ್ಲಿ ಮುಟ್ಟದಿದ್ದರೆ ಆಯ್ತು. ಆದರೆ ಬರೀ ಒಣ ಕಲ್ಲಿನ ಟ್ಯಾಂಕ್ ಅಂದರೆ ಖಾಲಿ ಬಿದ್ದ ಗದ್ದೆ. ಯಾವ ಕಳೆ ಮೊದಲು ಬಂತೋ ಅದರದೇ ರಾಜ್ಯ. ಮೊದಲು ಕಂದು ಪಾಚಿ, ಆಮೇಲೆ ಕೆಂಪು ಲೋಳೆ, ನಸೀಬು ಕೆಟ್ಟಿದ್ದರೆ ಡೈನೋಫ್ಲಾಜೆಲೇಟ್ ಎಂಬ ಸಿಂಬಳದಂಥ ವಸ್ತು. ತಿಂಗಳುಗಟ್ಟಲೆ. ಎಷ್ಟೋ ಜನ ಇದೇ ಹಂತದಲ್ಲಿ ಟ್ಯಾಂಕ್ ಮಾರಿ ಗಾಲ್ಫ್ ಕಲಿತಿದ್ದಾರೆ.

ಇಲ್ಲಿ ನಮಗೆ ಗೊತ್ತಿರುವ ಒಂದು ವಿದ್ಯೆ ಇದೆ. ಮೊಸರು ಮಾಡೋಕೆ ಹಂಡೆ ಮೊಸರು ಬೇಕಾ? ಒಂದು ಚಮಚ ಹೆಪ್ಪು ಸಾಕು. ಹಾಲು ಹದ ಬೆಚ್ಚಗಿರಬೇಕು, ರಾತ್ರಿಯಿಡೀ ಅಲ್ಲಾಡಿಸದೆ ಬಿಡಬೇಕು, ಅಷ್ಟೇ. ಮೊದಲ ಸಲ ಈ ದೇಶಕ್ಕೆ ಬಂದಾಗ ಹೆಪ್ಪಿಗಾಗಿ ಯಾರ ಯಾರ ಮನೆ ಬಾಗಿಲು ತಟ್ಟಿದ್ದೀರಿ, ನೆನಪು ಮಾಡಿಕೊಳ್ಳಿ. ಲೈವ್ ರಾಕ್ ಅಂದರೆ ಹೆಪ್ಪು. ಇಡೀ ಟ್ಯಾಂಕ್ ತುಂಬ ಅದನ್ನೇ ಸುರಿಯುವುದು ದುಡ್ಡಿನ ಕೊಬ್ಬು. 12 ಕಿಲೋ ಒಣ ಕಲ್ಲಿನ ಜೊತೆ ಒಂದು ಕಿಲೋ ಜೀವಂತ ಕಲ್ಲು, ಒಂದು ಲೋಟ ಹಳೇ ಟ್ಯಾಂಕಿನ ಮರಳು ಇಟ್ಟರೆ ಸಾಕು. ಬ್ಯಾಕ್ಟೀರಿಯಾ, ಸುಣ್ಣಪಾಚಿ, ಕೋಪೆಪಾಡ್ ಅಲ್ಲಿಂದ ನಿಧಾನಕ್ಕೆ ಪಕ್ಕದ ಕಲ್ಲಿಗೆ ದಾಟುತ್ತವೆ. ಆದರೆ ಹುಳಿ ಹೆಪ್ಪು ಹಾಕಿದರೆ ಮೊಸರೂ ಹುಳಿ. ಯಾರ ಟ್ಯಾಂಕಿನಿಂದ ತರ್ತೀರೋ ಆ ಟ್ಯಾಂಕನ್ನು ನಿಂತು ನೋಡಿ. ಕೂದಲಿನಂಥ ಹಸಿರು ಪಾಚಿ, ಹಸಿರು ಗುಳ್ಳೆಯಂಥ ಪಾಚಿ ಇದ್ದರೆ ಕಾಫಿ ಕುಡಿದು ಬರಿಗೈಯಲ್ಲಿ ಬನ್ನಿ.

ಇನ್ನೊಂದು ವಿಷಯ, ಇದನ್ನು ಮಾತ್ರ ತಮಾಷೆಯಾಗಿ ತಗೋಬೇಡಿ. ನಮ್ಮ ಮನೆಗಳಲ್ಲಿ ಯಾವುದು ಕೊಳಕು ಅನ್ನಿಸಿದರೂ ಬಿಸಿನೀರಲ್ಲಿ ಕುದಿಸುವ ಅಭ್ಯಾಸ. ಸಮುದ್ರದ ಕಲ್ಲನ್ನು, ಯಾರೋ ಕೊಟ್ಟ ಹಳೇ ಟ್ಯಾಂಕಿನ ಕಲ್ಲನ್ನು ಎಂದಿಗೂ ಕುದಿಸಬೇಡಿ. ಒಲೆ ಬೇಡ, ಓವನ್ ಬೇಡ, ಬಿಸಿನೀರಿನ ಪ್ರೆಷರ್ ವಾಷರ್ ಬೇಡ. ಅದರ ಮೇಲೆ ಝೊಯಾಂಥಿಡ್ ಎಂಬ ಗುಂಡಿಯಂಥ ಮೃದು ಜೀವಿಗಳು ಅಂಟಿರಬಹುದು. ಅವುಗಳಲ್ಲಿ ಕೆಲವು ಜಾತಿಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇದೆ. ಹಬೆಯ ಜೊತೆ ಅದು ಗಾಳಿಗೆ ಏರಿದರೆ ಮನೆಯವರೆಲ್ಲ ಆಸ್ಪತ್ರೆ. ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಝೊಯಾಂಥಿಡ್ ಇದ್ದ ಮನೆ, ಅಂಗಡಿಗಳಲ್ಲಿ ಜನ ಹೀಗೆ ಕಾಯಿಲೆ ಬಿದ್ದದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ದಾಖಲಿಸಿದೆ. ಅಜ್ಜಿ ಬಂದಿದ್ದಾಗ ನಾನು ಬಕೆಟ್ಟಿನಲ್ಲಿಟ್ಟಿದ್ದ ಕಲ್ಲಿಗೆ ಕುದಿನೀರು ಹೊಯ್ಯಲು ಹೊರಟಿದ್ದರು, ಮಗಳು ತಡೆದಳು. ಕಲ್ಲು ಮುಟ್ಟುವಾಗ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಸರಿ, ಮಾಡೋದು ಹೇಗೆ? ಮೊದಲು ಒಣ ಕಲ್ಲನ್ನು ಎರಡು ವಾರ ಬಕೆಟ್ ನೀರಲ್ಲಿ ನೆನೆಸಿ, ನೀರು ಬದಲಿಸ್ತಾ ಇರಿ, ಒಳಗಿದ್ದ ಹಳೇ ಫಾಸ್ಫೇಟ್ ಒಂದಿಷ್ಟು ಇಳಿಯಲಿ. ಟ್ಯಾಂಕಿಗೆ ಇಡುವಾಗ ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲು ಕೂರಿಸಿದರೆ ಮುಂದೊಂದು ದಿನ ಗೋಬಿ ಅಡಿಯಲ್ಲಿ ಸುರಂಗ ತೋಡಿ, ಕಲ್ಲು ಉರುಳಿ, ಗಾಜು ಒಡೆದು, 150 ಲೀಟರ್ ಉಪ್ಪುನೀರು ನಿಮ್ಮ ಕಾರ್ಪೆಟ್ಟಿನ ಮೇಲೆ. ಆರ್‌ಒ ನೀರಿಗೆ ಉಪ್ಪು ಬೆರೆಸಿ ಸಾಂದ್ರತೆ 1.025ಕ್ಕೆ ತನ್ನಿ, ಬಿಸಿ 25 ಡಿಗ್ರಿ ಇರಲಿ. ಹೆಪ್ಪು ಕಲ್ಲನ್ನು ಮಧ್ಯದಲ್ಲಿ ಇಡಿ. ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಅಮೋನಿಯಾ 2 ಪಿಪಿಎಂಗೆ ಏರಿಸಿ, ಪರೀಕ್ಷೆ ಮಾಡ್ತಾ ಇರಿ. ಅದು ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಅದೂ ಇಳಿಯುತ್ತದೆ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಸೊನ್ನೆಯಾದರೆ ಹೊಟ್ಟೆ ತಯಾರು. ನಾಲ್ಕರಿಂದ ಆರು ವಾರ ಹಿಡಿಯಬಹುದು.

ಆಮೇಲೂ ಯಾಕೆ ಕಾಯಬೇಕು? ಬೇರೆಯವರ ಮೀನಿದ್ದ ಟ್ಯಾಂಕಿನಿಂದ ಕಲ್ಲು ತಂದರೆ ಅದರ ಜೊತೆ ಬಿಳಿಚುಕ್ಕೆ ರೋಗದ ಪರಾವಲಂಬಿ ಗೂಡು ಕಟ್ಟಿಕೊಂಡು ಬಂದಿರಬಹುದು. ಮೀನು ಸಿಗದೆ ಅದು ಸಾಯಲು ಹವ್ಯಾಸಿಗಳು ಲೆಕ್ಕ ಹಾಕುವ ಕಾಲ ಸುಮಾರು ಎರಡೂವರೆ ತಿಂಗಳು. ನಾನು ಗೆಳೆಯನಿಗೆ ಹೇಳಿದ ಆ ಎರಡೂವರೆ ತಿಂಗಳು ಅಲ್ಲಿಂದ ಬಂದದ್ದು.

ಮಗಳಿಗೆ ಈಗ ಬೇರೆ ಹುಚ್ಚು. ಕನ್ನಡ ಕೂಟದ ಸಂಕ್ರಾಂತಿಯಲ್ಲಿ ಸಿಕ್ಕ ಒಂದು ಮನೆಯವರು ಟ್ಯಾಂಕ್ ಇಡ್ತೇವೆ ಅಂದರು. ಅವಳು ನಮ್ಮ ಟ್ಯಾಂಕಿನಿಂದ ಮುಷ್ಟಿ ಗಾತ್ರದ ಎರಡು ಕಲ್ಲು ತೆಗೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಅವಳಮ್ಮನಿಗೆ ಹೇಳದೆ ಹುಳಿಯ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟು ಬಂದಳು. ಅಲ್ಲಿ ಈಗ ಏಳನೇ ವಾರ. ಮೀನು ಇನ್ನೂ ಇಲ್ಲ. ಅವರ ಒಂಬತ್ತು ವರ್ಷದ ಹುಡುಗ ದಿನಾ ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು ಗಾಜಿಗೆ ಮೂಗು ಒತ್ತಿ ಕೂರ್ತಾನಂತೆ. ಮೊನ್ನೆ ಅವಳಿಗೆ ಮೆಸೇಜ್ ಬಂತು: "ಅಕ್ಕಾ, ಇವತ್ತು ಹದಿಮೂರು ಕೋಪೆಪಾಡ್, ಮತ್ತೆ ಒಂದು ಬಸವನಹುಳು. ಅದಕ್ಕೆ ಹೆಸರು ಇಡಬಹುದಾ?" ಸ್ಟೀಲ್ ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.